ಕರಿಮದ್ದಿಗೆ ಹಳೆ ಪಂಚೆಯ ಮದ್ದು

ಬಳ್ಳಾರಿಯ ಕೌಲ್ ಬಜಾರಿನ ಹೆಸರಿನಲ್ಲೇ ಒಂದು ಕರಾರಿದೆ. ಕೌಲು ಎಂದರೆ ಆಳುವವರು ಬರೆದುಕೊಡುವ ಭರವಸೆಯ ಪತ್ರ. 1800ರಲ್ಲಿ ಬಳ್ಳಾರಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ದಂಡು ಬಂತು, ದಂಡನ್ನು ನೆಚ್ಚಿ ಈ ಪೇಟೆ ಬೆಳೆಯಿತು.

ಆಗಿನ ಸಿಪಾಯಿ ಮದ್ದು, ಗುಂಡು ಎರಡನ್ನೂ ಕೋವಿಯ ಬಾಯಿಯಿಂದಲೇ ತುಂಬಿ ಗಜದಿಂದ ಜಡಿಯಬೇಕಿತ್ತು. ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆತ ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಮಸಿಯಂಥ ಕಣಗಳಾಗುತ್ತದೆ. ಅದರಲ್ಲೊಂದು ಪಾಲು ನಳಿಗೆಗೆ ಅಂಟಿ, ತೇವ ಹೀರಿ, ತುಕ್ಕು ಹಿಡಿಸುತ್ತದೆ. ಕೊಳೆ ದಪ್ಪಗಾದರೆ ಗುಂಡು ಮದ್ದಿನವರೆಗೆ ಇಳಿಯದೆ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಆಗ ಸಿಡಿಸಿದರೆ ನಳಿಗೆಯೇ ಒಡೆಯಬಹುದು. ಹಿಡಿದವನ ಕೈ ಹೋಗಬಹುದು.

ಈ ಮದ್ದಿಗೆ ಮದ್ದು ಬಿಸಿನೀರು ಮತ್ತು ಚಿಂದಿ. ಮಸಿಯ ಉಪ್ಪುಗಳು ನೀರಿಗೆ ಕರಗುತ್ತವೆ. ಒರೆಸುವುದು ಬಟ್ಟೆಯ ಕೆಲಸ. ಒಗೆದೊಗೆದು ಮೆತ್ತಗಾದ ಹತ್ತಿಯ ಪಂಚೆ, ಬನಿಯನ್ ಇದಕ್ಕೆ ಹೇಳಿ ಮಾಡಿಸಿದಂತಿವೆ. ತುಂಡು ದೊಡ್ಡದಾದರೆ ಗಜ ಒಳಗೇ ಕಚ್ಚಿಕೊಳ್ಳುತ್ತದೆ, ಚಿಕ್ಕದಾದರೆ ಜಾರಿ ಉಳಿಯುತ್ತದೆ. ಮಸಿ ಹಿಡಿದ ತುಂಡನ್ನು ಒಗೆದು ಒಣಗಿಸಿದರೆ ಇನ್ನೊಮ್ಮೆ ಮೊದಲ ಒರೆತಕ್ಕೆ ಬರುತ್ತದೆ. ಕೊನೆಯಲ್ಲಿ ಎಣ್ಣೆ ಸವರಲು ಮಾತ್ರ ಶುಭ್ರವಾದದ್ದೇ ಬೇಕು. ನೀರು ಹೀರದ ಪಾಲಿಯೆಸ್ಟರ್ ಸೀರೆ ಎಷ್ಟು ಅಗ್ಗವಾದರೂ ದಂಡ.

ದಂಡಿನ ಕೋವಿಗಳು ಬದಲಾದವು. ಆದರೆ ಕೊಡಗಿನ ಕೆಲವು ಮನೆಗಳಲ್ಲಿ ಕೇಪಿನ ಕೋವಿ ಇಂದಿಗೂ ಇದೆ; ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಶುಚಿಗೊಳಿಸಿ ಪೂಜಿಸುತ್ತಾರೆ. ಇತ್ತ ಬಳ್ಳಾರಿ ಈಗ ಜೀನ್ಸ್ ಹೊಲಿಯುವ ಊರು. ಚಿಂದಿಗೇನೂ ಬರವಿಲ್ಲ, ಅದೂ ಬಹುಪಾಲು ಹತ್ತಿಯದೇ. ಆದರೆ ದಪ್ಪ. ಕಿರಿದಾದ ನಳಿಗೆಗೆ ಹಳೆ ಪಂಚೆಯೇ ವಾಸಿ.