ರಾಣಿಯ ಹಬ್ಬ, ಊರಿನ ನೆನಪು

ಶಾಲೆಗೆ ಇಪ್ಪತ್ತೈದು ವರ್ಷ ತುಂಬಿದರೆ ಬೆಳ್ಳಿಹಬ್ಬ. ಸಹಕಾರ ಸಂಘಕ್ಕೆ ಐವತ್ತಾದರೆ ಸುವರ್ಣ ಮಹೋತ್ಸವ, ಅರವತ್ತಾದರೆ ವಜ್ರ ಮಹೋತ್ಸವ. ಸಿನಿಮಾ ಇಪ್ಪತ್ತೈದು ವಾರ ಓಡಿದರೆ ಒಂದು ಕಾಲದಲ್ಲಿ ಪೋಸ್ಟರಿನ ಮೇಲೆ ‘ಸಿಲ್ವರ್ ಜ್ಯೂಬಿಲಿ’ ಎಂಬ ಪಟ್ಟಿ ಬೀಳುತ್ತಿತ್ತು. ಹುಳಿಯಾರಿನಂಥ ಊರಿನಲ್ಲೂ ಇಂಥ ಹಬ್ಬದ ಆಹ್ವಾನ ಪತ್ರಿಕೆ ಆಗಾಗ ಕೈಗೆ ಬರುತ್ತದೆ. ಇಷ್ಟು ಬಳಕೆಯಾದ ಈ ಪದ್ಧತಿ ನಮ್ಮ ಹಿರಿಯರಿಂದ ಬಂದದ್ದಲ್ಲ. ಇಂಗ್ಲೆಂಡಿನ ಅರಮನೆಯಿಂದ ಹೊರಟು, ಮೈಸೂರಿನ ಅರಮನೆಯನ್ನು ಹಾದು, ಕೊನೆಗೆ ನಮ್ಮ ಊರಿನ ಶಾಮಿಯಾನದ ಕೆಳಗೆ ಬಂದು ಕುಳಿತದ್ದು. ಬರುವ ದಾರಿಯಲ್ಲಿ ಅದು ಮುಚ್ಚಿಟ್ಟದ್ದೇನು, ಬಿಟ್ಟುಹೋದದ್ದೇನು ಎಂದು ವಿಚಾರಿಸಿದರೆ ಸ್ವಾರಸ್ಯದ ಸಂಗತಿಗಳು ಸಿಗುತ್ತವೆ.

ಬಿಡುಗಡೆಯ ವರ್ಷ

‘ಜ್ಯೂಬಿಲಿ’ ಎಂಬ ಪದದ ಮೂಲ ಹೀಬ್ರೂ ಭಾಷೆಯ ‘ಯೋಬೆಲ್’. ಟಗರಿನ ಕೊಂಬಿನ ಕಹಳೆ ಎಂದು ಅದರ ಅರ್ಥ. ಯೆಹೂದಿಗಳ ಧರ್ಮಗ್ರಂಥದ ಪ್ರಕಾರ ಐವತ್ತನೆಯ ವರ್ಷ ಈ ಕಹಳೆ ಊದಬೇಕು. ಆ ವರ್ಷ ಜೀತದಲ್ಲಿದ್ದವರಿಗೆ ಬಿಡುಗಡೆಯಾಗಬೇಕು. ಕಷ್ಟಕಾಲದಲ್ಲಿ ಮಾರಿಕೊಂಡ ಜಮೀನು ಮೂಲ ಒಡೆಯನ ಮನೆತನಕ್ಕೆ ಹಿಂದಿರುಗಬೇಕು. ಅಂದರೆ ಜ್ಯೂಬಿಲಿ ಮೊದಲಿಗೆ ದೊರೆಯ ಹಬ್ಬವಾಗಿರಲಿಲ್ಲ. ಅದು ಬಡವನ ಋಣ ಹರಿಯುವ ವರ್ಷವಾಗಿತ್ತು. 1300ರಲ್ಲಿ ರೋಮಿನ ಪೋಪ್ ಎಂಟನೆಯ ಬೋನಿಫೇಸ್ ಅದನ್ನು ಪಾಪಕ್ಷಮೆಯ ವರ್ಷವೆಂದು ಕ್ರೈಸ್ತ ಜಗತ್ತಿಗೆ ಸಾರಿದರು.

ಇಂಗ್ಲೆಂಡಿನಲ್ಲಿ ಇದು ದೊರೆಯ ದೊಡ್ಡ ಹಬ್ಬವಾದದ್ದು 1809ರ ಅಕ್ಟೋಬರ್ 25ರಂದು. ಮೂರನೆಯ ಜಾರ್ಜ್ ಸಿಂಹಾಸನವೇರಿ ಐವತ್ತನೆಯ ವರ್ಷಕ್ಕೆ ಕಾಲಿಟ್ಟ ದಿನವದು. ನೆಪೋಲಿಯನ್ ಜತೆ ಯುದ್ಧ ನಡೆದಿತ್ತು, ಜನ ಬಳಲಿದ್ದರು. ಸೈನ್ಯ ಬಿಟ್ಟು ಓಡಿಹೋದವರಿಗೆ ಕ್ಷಮೆ, ಸಾಲ ತೀರಿಸಲಾಗದೆ ಸೆರೆಮನೆ ಸೇರಿದವರಿಗೆ ಬಿಡುಗಡೆ ಎಂದು ಘೋಷಣೆಗಳಾದವು. ಹಳೆಯ ಅರ್ಥ ಅಷ್ಟರ ಮಟ್ಟಿಗೆ ಉಳಿದಿತ್ತು. ಆದರೆ ಹಬ್ಬ ಮುಗಿದು ಒಂದೂವರೆ ವರ್ಷ ಕಳೆಯುವುದರೊಳಗೆ ದೊರೆಗೆ ಚಿತ್ತಸ್ವಾಸ್ಥ್ಯ ತಪ್ಪಿತು; 1811ರಲ್ಲಿ ಮಗ ರಾಜಪ್ರತಿನಿಧಿಯಾಗಿ ಆಡಳಿತ ವಹಿಸಿಕೊಂಡ.

ಈ ಹಬ್ಬವನ್ನು ಲೋಕಕ್ಕೆಲ್ಲ ಹಬ್ಬಿಸಿದವಳು ಅವನ ಮೊಮ್ಮಗಳು ವಿಕ್ಟೋರಿಯಾ. 1837ರ ಜೂನ್ 20ರಂದು ಪಟ್ಟಕ್ಕೆ ಬಂದ ಆಕೆಗೆ 1887ರಲ್ಲಿ ಸುವರ್ಣೋತ್ಸವ, 1897ರಲ್ಲಿ ವಜ್ರೋತ್ಸವ ನಡೆದವು. ಎರಡನೆಯದರ ಹೊತ್ತಿಗೆ ಆಕೆಗೆ ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ. ಸಂತ ಪಾಲರ ದೇವಾಲಯದ ಹೊರಗೆ ಸಾರೋಟಿನಲ್ಲೇ ಕುಳಿತಿದ್ದಳು; ಪ್ರಾರ್ಥನೆಯನ್ನು ಬಾಗಿಲಾಚೆಗೇ ತಂದು ನಡೆಸಿದರು.

ಅರವತ್ತು ಎಂಬ ಲೆಕ್ಕ ಮಾತ್ರ ನಮಗೆ ಹೊಸದಲ್ಲ. ಪ್ರಭವದಿಂದ ಕ್ಷಯದವರೆಗೆ ನಮ್ಮ ಸಂವತ್ಸರಗಳು ಅರವತ್ತು. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು ಹೇವಿಳಂಬಿ ಸಂವತ್ಸರದಲ್ಲಿ. ವಜ್ರೋತ್ಸವ ಬಂದಾಗ ಒಂದು ಸುತ್ತು ಮುಗಿದು ಮತ್ತೆ ಹೇವಿಳಂಬಿಯೇ ಬಂದಿತ್ತು. ಷಷ್ಟ್ಯಬ್ದಿ ಗೊತ್ತಿದ್ದ ನಾಡಿಗೆ ವಜ್ರೋತ್ಸವ ಒಗ್ಗಿದ್ದರಲ್ಲಿ ಸೋಜಿಗವಿಲ್ಲ. ಆದರೆ ಇದೇ ಸಂವತ್ಸರದ ಲೆಕ್ಕದಲ್ಲಿ ನಮ್ಮ ಜನ ಬೇರೊಂದು ನೆನಪನ್ನೂ ಇಟ್ಟುಕೊಂಡಿದ್ದರು.

ಧಾತು, ಈಶ್ವರ

1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಾರ್ಡ್ ಲಿಟ್ಟನ್ ಭಾರಿ ದರ್ಬಾರು ನಡೆಸಿ, ವಿಕ್ಟೋರಿಯಾ ಇನ್ನು ಮುಂದೆ ಹಿಂದೂಸ್ಥಾನದ ಚಕ್ರವರ್ತಿನಿ ಎಂದು ಸಾರಿದ. ಲಕ್ಷ್ಮೀಪೂಜೆಗೆಂದು ಹಳೆಯ ಬೆಳ್ಳಿ ರೂಪಾಯಿ ಇಟ್ಟುಕೊಂಡಿರುವ ಮನೆಯವರು ಅದನ್ನು ತೆಗೆದು ನೋಡಬಹುದು. 1876ರವರೆಗಿನ ನಾಣ್ಯದ ಮೇಲೆ ‘ವಿಕ್ಟೋರಿಯಾ ಕ್ವೀನ್’ ಎಂದಿದ್ದರೆ, 1877ರಿಂದ ‘ವಿಕ್ಟೋರಿಯಾ ಎಂಪ್ರೆಸ್’ ಎಂದಿರುತ್ತದೆ.

ದೆಹಲಿಯಲ್ಲಿ ತುತ್ತೂರಿ ಊದುತ್ತಿದ್ದಾಗ ಮೈಸೂರು ಸೀಮೆಯಲ್ಲಿ ಮಳೆ ಹೋಗಿ ಕೆರೆಗಳು ಒಣಗಿದ್ದವು. ಆಗ ಸಂಸ್ಥಾನ ಇನ್ನೂ ಬ್ರಿಟಿಷ್ ಕಮೀಷನರ ಕೈಯಲ್ಲಿತ್ತು. 1876ರಿಂದ 78ರವರೆಗಿನ ಆ ಕ್ಷಾಮ ತುಮಕೂರು, ಚಿತ್ರದುರ್ಗ, ಕೋಲಾರದ ಬಯಲು ಸೀಮೆಯನ್ನು ಹಿಂಡಿಹಾಕಿತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು.

ಜನ ಈ ಬರವನ್ನು ಇಸವಿಯಿಂದ ನೆನೆಯಲಿಲ್ಲ. ಮಳೆ ಕೈಕೊಟ್ಟದ್ದು ಧಾತು ಸಂವತ್ಸರ, ಹೆಣ ಬಿದ್ದದ್ದು ಈಶ್ವರ ಸಂವತ್ಸರ. ‘ಧಾತು ಈಶ್ವರದ ಬರ’ ಎಂಬ ಹೆಸರು ಹಾಗೆ ನಿಂತಿತು. ದರ್ಬಾರು ನಡೆದ ಜನವರಿ ಕೂಡ ಧಾತು ಸಂವತ್ಸರಕ್ಕೇ ಸೇರಿದ್ದು. ಆದರೆ ಧಾತು ಎಂದರೆ ಹಳ್ಳಿಯವರಿಗೆ ದರ್ಬಾರು ನೆನಪಾಗಲಿಲ್ಲ, ಹಸಿವು ನೆನಪಾಯಿತು.

ಹೆಸರು ರಾಣಿಯದು, ಉಪಯೋಗ ನಾಡಿನದು

1881ರ ಮಾರ್ಚ್ 25ರಂದು ಮೈಸೂರು ಮತ್ತೆ ಒಡೆಯರ ಕೈಗೆ ಬಂತು. ಐವತ್ತು ವರ್ಷ ಕೈತಪ್ಪಿದ್ದ ರಾಜ್ಯ. ಮತ್ತೆ ತಪ್ಪದಂತೆ ನೋಡಿಕೊಳ್ಳಬೇಕಾಗಿತ್ತು. ರಾಣಿಯ ಉತ್ಸವವನ್ನು ಮೈಸೂರು ವಿಜೃಂಭಣೆಯಿಂದ ಆಚರಿಸಿದ್ದಕ್ಕೆ ಭಕ್ತಿಯೊಂದೇ ಕಾರಣವಲ್ಲ, ರಾಜಕಾರಣವೂ ಕಾರಣ. ಆದರೆ ಮೆಚ್ಚಬೇಕಾದದ್ದು ಏನೆಂದರೆ, ರಾಣಿಯ ಹೆಸರಿನಲ್ಲಿ ಖರ್ಚಾದ ಹಣವೆಲ್ಲ ಬಾಣಬಿರುಸಾಗಿ ಹಾರಿಹೋಗಲಿಲ್ಲ.

1887ರ ಸುವರ್ಣೋತ್ಸವದ ನೆನಪಿಗೆ ಚಾಮರಾಜ ಒಡೆಯರು ಮೈಸೂರಿನಲ್ಲಿ ‘ವಿಕ್ಟೋರಿಯಾ ಜ್ಯೂಬಿಲಿ ಇನ್‌ಸ್ಟಿಟ್ಯೂಟ್’ ಕಟ್ಟಡಕ್ಕೆ ಅಡಿಗಲ್ಲಿಟ್ಟರು. 1891ರಲ್ಲಿ ಅಲ್ಲಿ ಓರಿಯಂಟಲ್ ಲೈಬ್ರರಿ ಆರಂಭವಾಗಿ, ಹಳ್ಳಿ ಹಳ್ಳಿಗಳಿಂದ ತಾಳೆಗರಿ ಕಟ್ಟುಗಳು ಬಂದು ಸೇರಿದವು. ಹೀಗೆ ಬಂದ ಕಟ್ಟೊಂದರಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ‘ಅರ್ಥಶಾಸ್ತ್ರ’ ಸಿಕ್ಕಿತು. 1909ರಲ್ಲಿ ಅವರು ಅದನ್ನು ಅಚ್ಚುಮಾಡಿಸಿದಾಗ ವಿದ್ವತ್ ಪ್ರಪಂಚ ಬೆರಗಾಯಿತು. ರಾಜ್ಯವಾಳುವ ವಿದ್ಯೆ ಹಿಂದೂಸ್ಥಾನದವರಿಗೆ ತಿಳಿಯದು ಎನ್ನುತ್ತಿದ್ದವರ ಬಾಯಿಗೆ ಬೀಗ ಹಾಕಿದ ಗ್ರಂಥ ಹೊರಬಂದದ್ದು, ಅದೇ ಆಳುವವರ ರಾಣಿಯ ಹೆಸರಿದ್ದ ಕಟ್ಟಡದಿಂದ!

ವಜ್ರೋತ್ಸವದ ದಿನ, 1897ರ ಜೂನ್ 22ರಂದು, ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಬಿತ್ತು. ಚಾಮರಾಜ ಒಡೆಯರು ತೀರಿಕೊಂಡು, ಮಗ ಇನ್ನೂ ಬಾಲಕನಾಗಿದ್ದರಿಂದ ರಾಜ್ಯಭಾರ ವಹಿಸಿಕೊಂಡಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಅಡಿಗಲ್ಲಿಟ್ಟರು. 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಬಂದು ಬಾಗಿಲು ತೆರೆದ. ನಮ್ಮ ಕಡೆಯಿಂದ ಬೆಂಗಳೂರಿಗೆ ರೋಗಿಯನ್ನು ಕರೆದೊಯ್ಯುವ ಬಡ ಮನೆಯವರಿಗೆ ‘ವಿಕ್ಟೋರಿಯಾ’ ಎಂದರೆ ರಾಣಿಯಲ್ಲ, ಆಸ್ಪತ್ರೆ.

ಅದೇ ಜೂನ್ 22ರ ರಾತ್ರಿ ಪುಣೆಯಲ್ಲಿ ನಡೆದದ್ದೇ ಬೇರೆ. ಅಲ್ಲಿ ಪ್ಲೇಗು ಹರಡಿತ್ತು. ಪ್ಲೇಗು ತಡೆಯುವ ನೆಪದಲ್ಲಿ ಸಿಪಾಯಿಗಳು ಮನೆಗಳಿಗೆ ನುಗ್ಗಿ ಶೋಧಿಸಿದ್ದರಿಂದ ಜನ ಕುದಿಯುತ್ತಿದ್ದರು. ವಜ್ರೋತ್ಸವದ ಔತಣ ಮುಗಿಸಿ ಗವರ್ನರ ಬಂಗಲೆಯಿಂದ ಹೊರಟ ಪ್ಲೇಗು ಅಧಿಕಾರಿ ರ‍್ಯಾಂಡ್‌ಗೆ ಚಾಪೇಕರ್ ಸೋದರರು ಗುಂಡಿಕ್ಕಿದರು. ಒಂದೇ ದಿನ, ಒಂದೇ ಉತ್ಸವ: ಒಂದು ಊರಿನಲ್ಲಿ ಆಸ್ಪತ್ರೆಯ ಅಡಿಗಲ್ಲು, ಇನ್ನೊಂದು ಊರಿನಲ್ಲಿ ಗುಂಡಿನ ಸದ್ದು.

ಹತ್ತೂವರೆ ಲಕ್ಷದ ಬೆಳ್ಳಿಹಬ್ಬ

ಮೈಸೂರಿನ ದೊರೆಗೂ ತನ್ನದೇ ಹಬ್ಬದ ದಿನ ಬಂತು. 1902ರ ಆಗಸ್ಟ್ 8ರಂದು ಆಡಳಿತ ವಹಿಸಿಕೊಂಡ ನಾಲ್ವಡಿ ಕೃಷ್ಣರಾಜ ಒಡೆಯರಿಗೆ 1927ರಲ್ಲಿ ಬೆಳ್ಳಿಹಬ್ಬ. ಮೈಸೂರಿಗೆ ಹೋದವರು ಅರಮನೆಯ ಸಮೀಪ ನೋಡುವ ದೊಡ್ಡ ಗಡಿಯಾರ, ಅರಮನೆಯ ನೌಕರರು ಆ ನೆನಪಿಗೆ ಕಟ್ಟಿಸಿದ್ದು.

ಆದರೆ ಗಡಿಯಾರದಷ್ಟು ಕಣ್ಣಿಗೆ ಬೀಳದ ಸಂಗತಿಯೊಂದಿದೆ. ಟಿಪ್ಪು ಮಡಿದ 1799ರಿಂದ ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಕಟ್ಟುತ್ತಿತ್ತು. ರಾಜ್ಯ ಮರಳಿ ಕೊಟ್ಟ 1881ರ ಕರಾರಿನಲ್ಲಿ ಅದನ್ನು 35 ಲಕ್ಷಕ್ಕೆ ಏರಿಸಿದರು. ಕ್ಷಾಮದಿಂದ ಖಜಾನೆ ಬರಿದಾಗಿದ್ದ ಕಾರಣ ಹೆಚ್ಚುವರಿ 10.5 ಲಕ್ಷದ ವಸೂಲಿಯನ್ನು 1896ರವರೆಗೆ ಮುಂದೂಡಿದ್ದರು. ಅಂದರೆ ವಜ್ರೋತ್ಸವದ ಹೊತ್ತಿಗೆ ಸರಿಯಾಗಿ ಮೈಸೂರಿನ ರೈತನ ಮೇಲೆ ಈ ಹೊರೆಯೂ ಬಿದ್ದಿತ್ತು. 1927ರಲ್ಲಿ ಬೆಳ್ಳಿಹಬ್ಬಕ್ಕೆ ಸ್ವಲ್ಪ ಮೊದಲು ಮೈಸೂರಿಗೆ ಬಂದಿದ್ದ ವೈಸ್‌ರಾಯ್ ಲಾರ್ಡ್ ಇರ್ವಿನ್, ಆ 10.5 ಲಕ್ಷವನ್ನು ಮುಂದಿನ ವರ್ಷದಿಂದ ಮನ್ನಾ ಮಾಡಲಾಗುವುದು ಎಂದು ಪ್ರಕಟಿಸಿದ. ಜ್ಯೂಬಿಲಿಯ ಮೂಲ ಅರ್ಥ ಋಣಮುಕ್ತಿ ಎಂದಾದರೆ, ಮೈಸೂರು ಕಂಡ ಹಬ್ಬಗಳಲ್ಲಿ ಆ ಹೆಸರಿಗೆ ತಕ್ಕದ್ದು ಇದೊಂದೇ ಎನ್ನಬೇಕು.

ಹಬ್ಬ ಮಾಡಿದ ಮಾತ್ರಕ್ಕೆ ಸಿಂಹಾಸನ ಗಟ್ಟಿಯಾಗುವುದಿಲ್ಲ ಎಂಬುದಕ್ಕೆ ಯೂರೋಪಿನಲ್ಲೇ ಸಾಕ್ಷಿಗಳಿವೆ. ಆಸ್ಟ್ರಿಯದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ 1908ರಲ್ಲಿ ವಜ್ರೋತ್ಸವ ಆಚರಿಸಿದ. ಹತ್ತು ವರ್ಷದಲ್ಲಿ ಆ ಸಾಮ್ರಾಜ್ಯವೇ ಭೂಪಟದಿಂದ ಅಳಿಸಿಹೋಯಿತು. ರಷ್ಯದ ರೊಮಾನೊವ್ ಮನೆತನ 1913ರಲ್ಲಿ ತನ್ನ ಆಳ್ವಿಕೆಯ 300ನೇ ವರ್ಷವನ್ನು ಸಂಭ್ರಮದಿಂದ ಆಚರಿಸಿತು. 1917ರಲ್ಲಿ ಝಾರ್ ಪದಚ್ಯುತನಾದ, ಮರುವರ್ಷ ಸಂಸಾರ ಸಮೇತ ಗುಂಡಿಗೆ ಬಲಿಯಾದ.

ಜನ ಎಣಿಸಿದ 89 ವರ್ಷ

ಹುಳಿಯಾರಿನಿಂದ ಉತ್ತರಕ್ಕೆ ಹಿರಿಯೂರಿನ ಹಾದಿ ಹಿಡಿದರೆ, ಆ ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವಿದೆ. ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲಿಟ್ಟ ಅದೇ ಮಹಾರಾಣಿಯವರ ಕಾಲದಲ್ಲಿ, 1898ರಲ್ಲಿ ಕೆಲಸ ಆರಂಭವಾಗಿ 1907ರಲ್ಲಿ ಮುಗಿಯಿತು. ಕಾಗದದಲ್ಲಿ ಮಹಾರಾಣಿಯ ಹೆಸರಿದ್ದರೂ ಸುತ್ತಲಿನವರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆ. 1933ರಲ್ಲಿ ಒಮ್ಮೆ ಈ ಜಲಾಶಯ ತುಂಬಿ ಕೋಡಿ ಬಿದ್ದಿತ್ತು. ಆಮೇಲೆ ಎಷ್ಟೋ ದೊರೆಗಳು, ಮಂತ್ರಿಗಳು ಬಂದುಹೋದರೂ ಕೋಡಿ ಹರಿಯಲಿಲ್ಲ. 2022ರ ಸೆಪ್ಟೆಂಬರ್ ಆರಂಭದಲ್ಲಿ ನೀರು 130 ಅಡಿ ಮುಟ್ಟಿ ಕೋಡಿ ಬಿತ್ತು.

ಅದೇ ವರ್ಷ ಲಂಡನ್ನಿನಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಆಳ್ವಿಕೆಗೆ ಎಪ್ಪತ್ತು ತುಂಬಿದ ಪ್ಲಾಟಿನಂ ಮಹೋತ್ಸವ ನಡೆದಿತ್ತು. ಇಂಗ್ಲೆಂಡಿನ ಯಾವ ಅರಸರೂ ಅಷ್ಟು ಕಾಲ ಆಳಿರಲಿಲ್ಲ. ಸೆಪ್ಟೆಂಬರ್ 8ರಂದು ಆಕೆ ತೀರಿಕೊಂಡ ಸುದ್ದಿ ಜಗತ್ತಿನ ಪತ್ರಿಕೆಗಳ ಮುಖಪುಟ ತುಂಬಿತು. ಈ ಕಡೆಯ ತೆಂಗು, ಅಡಿಕೆಯ ರೈತರಿಗೆ ಮಾತ್ರ ಆ ತಿಂಗಳು ಬೇರೊಂದು ಲೆಕ್ಕ ಮುಖ್ಯವಾಗಿತ್ತು. ಎಂಬತ್ತೊಂಬತ್ತು ವರ್ಷವಾದ ಮೇಲೆ ಮಾರಿಕಣಿವೆ ಕೋಡಿ ಬಿದ್ದಿದೆ ಎಂದು ಜನ ಬಂಡಿ, ಬಸ್ಸು, ಬೈಕು ಕಟ್ಟಿಕೊಂಡು ನೋಡಲು ಹೋದರು. ಎಂಬತ್ತೊಂಬತ್ತಕ್ಕೆ ಬೆಳ್ಳಿಯಿಲ್ಲ, ಬಂಗಾರವಿಲ್ಲ, ವಜ್ರವಿಲ್ಲ. ಆದರೂ ಆ ಅಂಕಿಯನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಮುಂದಿನ ಸಲ ಊರಿನಲ್ಲಿ ಬೆಳ್ಳಿಹಬ್ಬದ ಸಮಿತಿ ರಚನೆಯಾದಾಗ ಹಾರ, ಶಾಲು, ಸ್ಮರಣ ಸಂಚಿಕೆಯ ಲೆಕ್ಕದ ಜತೆಗೆ ಇನ್ನೊಂದು ಲೆಕ್ಕವನ್ನೂ ಹಾಕುವುದು ಒಳ್ಳೆಯದು. ಶಾಮಿಯಾನ ಬಿಚ್ಚಿದ ಮೇಲೆ ಶಾಲೆಗೆ ಒಂದು ಕೊಠಡಿಯೋ, ಪುಸ್ತಕದ ಒಂದು ಬೀರುವೋ, ಕುಡಿಯುವ ನೀರಿನ ಒಂದು ತೊಟ್ಟಿಯೋ ಉಳಿಯುತ್ತದೆಯೇ? ಉಳಿದರೆ ಹಬ್ಬ ಯಾರದೆಂದು ಜನ ಮರೆತರೂ ನಷ್ಟವಿಲ್ಲ.