ಹೆರಿಗೆಗೆ ಮುಂಚಿನ ಆ ಕೆಲವು ವಾರಗಳ ಚರಿತ್ರೆ

 

ದಿನ ತುಂಬಿದ ಬಸುರಿಗೆ ಏನೇನು ಸಿದ್ಧತೆ ಬೇಕು ಅಂದ್ರೆ ಎಲ್ಲರ ಬಾಯಲ್ಲೂ ಒಂದು ಪಟ್ಟಿ ಇರುತ್ತೆ. ಮೆತ್ತಗಿನ ಹಳೇ ಸೀರೆ ಹರಿದು ಒಗೆದಿಡಬೇಕು. ಕುಲಾವಿ ಹೊಲಿಸಬೇಕು. ನೀರು ಕಾಯಿಸೋಕೆ ಸೌದೆ ಕೂಡಿಡಬೇಕು. ಬಾಣಂತನಕ್ಕೆ ಮೆಣಸು, ಬೆಳ್ಳುಳ್ಳಿ ತರಬೇಕು. ತಾಯಿ ಕಾರ್ಡು ಕೈಗೆ ಸಿಗೋ ಕಡೆ ಇಡಬೇಕು. ಈ ಪಟ್ಟಿಯಲ್ಲಿ ಮೊದಲು ಇರಬೇಕಾದ್ದು ವಿಶ್ರಾಂತಿ. ಅದರ ಮಾತೇ ಬರಲ್ಲ. ಯಾಕಂದ್ರೆ ವಿಶ್ರಾಂತಿ ದುಡ್ಡಿನ ಪ್ರಶ್ನೆ. ಕೂಲಿ ಬಿಟ್ಟು ಮನೇಲಿ ಕೂತರೆ ಆ ವಾರದ ಅಕ್ಕಿ ಎಲ್ಲಿಂದ ಬರಬೇಕು?

ನಮ್ಮವ್ವ ಕಂಡೋರ ಹೊಲದಲ್ಲಿ ಕಳೆ ಕಿತ್ತವಳು. ನನ್ನನ್ನು ಹೆರೋ ಹಿಂದಿನ ದಿನದವರೆಗೂ ಕೂಲಿಗೆ ಹೋಗಿದ್ದಳಂತೆ. ಅವಳ ಮಗಳಾದ ನಾನು ಕಚೇರಿಯ ಗುಮಾಸ್ತೆ. ಸಂಬಳದ ರಜೆ ಹಾಕಿ, ಮನೆಯಲ್ಲಿ ಕೂತು ಕೂಸಿನ ಬಟ್ಟೆ ಮಡಿಚಿಟ್ಟೆ. ಈ ರಜೆ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ. ಅದರ ಹಿಂದೆ ನಮ್ಮವರ ಚರಿತ್ರೆ ಇದೆ.

1919ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ, ಹೆರಿಗೆಗೆ ಮೊದಲು 6 ವಾರ, ನಂತರ 6 ವಾರ ಹೆಣ್ಣು ಕೆಲಸಗಾರರಿಗೆ ರಜೆ ಇರಬೇಕು ಅಂತ ಒಪ್ಪಂದ ಮಾಡಿತು. ನಮ್ಮಲ್ಲಿ ಆಗ ಅಂಥ ಕಾನೂನೇ ಇರಲಿಲ್ಲ. 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನ ಮುಂದೆ ಹೆರಿಗೆ ಭತ್ಯೆಯ ಮಸೂದೆ ಬಂತು. ಜುಲೈ ತಿಂಗಳಲ್ಲಿ ಅದರ ಪರವಾಗಿ ಎದ್ದು ಮಾತಾಡಿದವರು ಬಾಬಾಸಾಹೇಬ್ ಅಂಬೇಡ್ಕರ್.

ಅವರ ವಾದ ಎಷ್ಟು ನೇರ ನೋಡಿ. ಹೆರಿಗೆಗೆ ಮುಂಚೆ ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ಇಡೀ ದೇಶದ ಹಿತ. ಹಾಗಾಗಿ ಅದರ ಖರ್ಚಿನ ದೊಡ್ಡ ಪಾಲು ಸರ್ಕಾರ ಹೊರಬೇಕು. ಆದರೆ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳೋದು ಮಾಲೀಕನಿಗೂ ಲಾಭವೇ, ಅದಕ್ಕೇ ಇಟ್ಟುಕೊಂಡಿದ್ದಾನೆ. ಲಾಭ ತಗೊಳ್ಳೋನು ಭಾರವನ್ನೂ ಸ್ವಲ್ಪ ಹೊರಲಿ. ಮರುವರ್ಷ, 1929ರಲ್ಲಿ, ಬಾಂಬೆ ಪ್ರಾಂತ್ಯದ ಕಾರ್ಖಾನೆ ಹೆಣ್ಣುಮಕ್ಕಳಿಗೆ ಕಾಯ್ದೆ ಬಂತು.

ಈ ಮಾತಾಡಿದವರ ಮನೆಯನ್ನೂ ನೆನೆಯಬೇಕು. ರಮಾಬಾಯಿಯವರು ಹೆತ್ತ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ. ಕೊನೆಯ ಮಗ ರಾಜರತ್ನ ತೀರಿಹೋದದ್ದು 1926ರಲ್ಲಿ. ಬಡತನದ ಮನೆಯಲ್ಲಿ ಮಗು ಹುಟ್ಟೋದು ಅಂದ್ರೆ ಏನು ಅಂತ ಆ ಮನುಷ್ಯನಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಮುಂದಿನ ಅಧ್ಯಾಯ ಗಣಿಗಳದ್ದು. ಝರಿಯಾ, ರಾಣಿಗಂಜ್‌ನ ಕಲ್ಲಿದ್ದಲು ಗಣಿಗಳಲ್ಲಿ ದುಡಿದವರಲ್ಲಿ ಸಂತಾಲ ಆದಿವಾಸಿಗಳು, ಬೌರಿ ಜಾತಿಯವರು ಬಹಳ. ಗಣಿಯ ಹೆಣ್ಣುಮಕ್ಕಳಿಗೆ 1941ರಲ್ಲಿ ಹೆರಿಗೆ ಭತ್ಯೆ ಕಾಯ್ದೆ ಬಂತು. 1942ರಿಂದ 46ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಬಾಬಾಸಾಹೇಬರ ಕೈಲಿತ್ತು. ಇಲ್ಲೊಂದು ಕಹಿ ಸಂಗತಿ ಇದೆ, ಮುಚ್ಚಿಡೋದು ಬೇಡ. ಯುದ್ಧಕ್ಕೆ ಕಲ್ಲಿದ್ದಲು ಬೇಕು ಅಂತ 1943ರಲ್ಲಿ ಸರ್ಕಾರ ಹೆಂಗಸರನ್ನು ಮತ್ತೆ ನೆಲದಡಿಯ ಕೆಲಸಕ್ಕೆ ಇಳಿಸಿತು. ತುರ್ತಿನ ಕ್ರಮ ಅಂತ ಶಾಸನಸಭೆಯಲ್ಲಿ ಅದನ್ನು ಸಮರ್ಥಿಸಿದ್ದೂ ಅವರೇ. 1945ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ, ನೆಲದಡಿ ದುಡಿಯೋ ಹೆಣ್ಣುಮಕ್ಕಳಿಗೆ ಹೆರಿಗೆಗೆ ಮುಂಚಿನ ಬಿಡುವು 10 ವಾರ ಆಯಿತು. 1946ರಲ್ಲಿ ನೆಲದಡಿ ಕೆಲಸದ ನಿಷೇಧ ಮತ್ತೆ ಜಾರಿಗೆ ಬಂತು. ನಮ್ಮ ನಾಯಕರ ಚರಿತ್ರೆಯನ್ನು ನಾವು ಪೂರ್ತಿ ಹೇಳಬೇಕು. ಅರ್ಧ ಹೇಳಿದರೆ ಉಳಿದರ್ಧವನ್ನು ಬೇರೆಯವರು ತಮಗೆ ಬೇಕಾದಂಗೆ ಹೇಳ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ 1961ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಬಂತು. ಒಟ್ಟು 12 ವಾರ, ಅದರಲ್ಲಿ ಹೆರಿಗೆಗೆ ಮೊದಲು 6. ಆ 6 ವಾರಕ್ಕೂ ಹಿಂದಿನ ಒಂದು ತಿಂಗಳು, ಆಕೆ ಕೇಳಿಕೊಂಡರೆ, ಕಷ್ಟದ ಕೆಲಸ, ಹೊತ್ತುಗಟ್ಟಲೆ ನಿಲ್ಲೋ ಕೆಲಸ ಕೊಡಬಾರದು ಅಂತಲೂ ಬರೆದರು. 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳಿಗೆ ಇದು 26 ವಾರ ಆಯಿತು, ಹೆರಿಗೆಗೆ ಮೊದಲು 8 ವಾರ. 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೂ ಈ 26 ಮತ್ತು 8 ವಾರ ಹಾಗೇ ಇವೆ.

ಆದರೆ ಕಾಗದದ ಮೇಲಿದ್ದದ್ದು ಕೈಗೆ ಬರಬೇಕಲ್ಲ? ದೆಹಲಿ ಮಹಾನಗರ ಪಾಲಿಕೆಯಲ್ಲಿ ಮಸ್ಟರ್ ರೋಲ್ ಮೇಲೆ ರಸ್ತೆ ಹಾಕೋ, ಗುಂಡಿ ತೋಡೋ ಹೆಣ್ಣುಮಕ್ಕಳಿಗೆ ಹೆರಿಗೆ ರಜೆ ಇಲ್ಲ ಅಂದಿದ್ರು. ಅವರು ಹೋರಾಡಿದರು. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟು, ದಿನಗೂಲಿಯವರಿಗೂ ಈ ಹಕ್ಕು ಇದೆ ಅಂತ ತೀರ್ಪು ಕೊಟ್ಟಿತು.

ಇಷ್ಟಾದರೂ ನಮ್ಮವ್ವನಂಥ ಹೊಲದ ಕೂಲಿಯವರು ಈ ಕಾಯ್ದೆಯ ಹೊರಗೇ ಉಳಿದರು. 2013ರ ಆಹಾರ ಭದ್ರತಾ ಕಾಯ್ದೆ, ಸರ್ಕಾರಿ ನೌಕರರಂಥವರನ್ನು ಬಿಟ್ಟು ಪ್ರತಿ ಬಸುರಿಗೂ ಕನಿಷ್ಠ 6000 ರೂಪಾಯಿ ಅಂತ ಹೇಳಿತು. 2017ರಲ್ಲಿ ಬಂದ ಮಾತೃ ವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ ಮಾತ್ರ, 5000 ಮಾಡಿತು. ಆಮೇಲೆ ಎರಡನೆಯದು ಹೆಣ್ಣಾದರೆ 6000 ಅಂತ ಸೇರಿಸಿದರು. ಎರಡನೆಯದು ಗಂಡಾದರೆ ಆ ತಾಯಿಯ ಸೊಂಟ ನೋಯಲ್ವಾ?

ನಾನು ಬಲ್ಲ ಒಂದು ಕಚೇರಿಯಲ್ಲಿ ಕಸ ಗುಡಿಸೋ ಹೊರಗುತ್ತಿಗೆ ಹೆಣ್ಣುಮಗಳಿಗೆ ಏಳು ತಿಂಗಳಾಗಿತ್ತು. ಗುತ್ತಿಗೆದಾರ "ನಾಳೆಯಿಂದ ಬರಬೇಡಮ್ಮ, ಹೆರಿಗೆ ಆದ್ಮೇಲೆ ನೋಡೋಣ" ಅಂದ. ಅವಳು ಮನೆಗೆ ಹೋಗೋಕೆ ಸಿದ್ಧಳಾಗಿದ್ದಳು. ಅರ್ಜಿ ನಾನು ಬರೆದುಕೊಟ್ಟೆ, ಸಂಘದವರು ಜೊತೆಗೆ ಹೋದರು. ಹೆಸರು ಮತ್ತೆ ಹಾಜರಿ ಪುಸ್ತಕಕ್ಕೆ ಬಂತು. ರಜೆಯ ದುಡ್ಡು ಮಾತ್ರ ಇನ್ನೂ ಪೂರ್ತಿ ಬಂದಿಲ್ಲ. ಬಿಟ್ಟಿಲ್ಲ, ಕೇಳ್ತಾನೇ ಇದ್ದೀವಿ.

ಅದಕ್ಕೇ ಇದನ್ನು ಬರೆದಿಟ್ಟುಕೊಳ್ಳಿ. ಕಾನೂನಿನಲ್ಲೇ ಇರೋ ಮಾತುಗಳಿವು. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಬಸುರಿನ ಪುರಾವೆ ಕೊಟ್ಟರೆ ಹೆರಿಗೆಗೆ ಮುಂಚಿನ ವಾರಗಳ ದುಡ್ಡನ್ನು ಮುಂಗಡವಾಗಿ ಕೊಡಬೇಕು. ಹೆರಿಗೆ ರಜೆಯಲ್ಲಿದ್ದವಳನ್ನು ಕೆಲಸದಿಂದ ತೆಗೆಯೋದು ಕಾನೂನುಬಾಹಿರ. ಇಎಸ್‌ಐ ಇದ್ದವರಿಗೆ ದುಡ್ಡು ಅಲ್ಲಿಂದ ಬರುತ್ತೆ.

ನಿಮ್ಮ ಕಚೇರಿಯಲ್ಲಿ, ನಿಮ್ಮ ಬೀದಿಯಲ್ಲಿ ಪೊರಕೆ ಹಿಡಿದ ಬಸುರಿ ಹೆಣ್ಣುಮಗಳು ಇದ್ದರೆ, ಸೀಮಂತದ ಹಸಿರು ಬಳೆ ಕೊಡಿಸಿ, ಬೇಡ ಅನ್ನಲ್ಲ. ಅದರ ಜೊತೆ ಒಂದು ಅರ್ಜಿನೂ ಬರೆದುಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳೋದು ಮರೀಬೇಡಿ.

ಜೈ ಭೀಮ್.