ಕಜ್ಜಿ ನಾಯಿಯಿಂದ ಐಎಲ್-31 ವರೆಗೆ: ನಾಯಿ ತುರಿಕೆಯ ಮದ್ದಿನ ಕಥೆ

ಈ ಸಲದ ಮಾತು ನಾಯಿಯ ತುರಿಕೆ ಬಗ್ಗೆ. ಇದರಲ್ಲೇನು ಇತಿಹಾಸ ಅಂತ ನಗಬೇಡಿ. ಪುಣೆಯಲ್ಲೋ ಹೈದರಾಬಾದಿನಲ್ಲೋ ಫ್ಲ್ಯಾಟ್‌ನಲ್ಲಿ ನಾಯಿ ಸಾಕಿರೋರಿಗೆ ಗೊತ್ತಿರುತ್ತೆ, ರಾತ್ರಿ ಎರಡು ಗಂಟೆಗೆ ಮಂಚದ ಪಕ್ಕ ಕಾಲು ನೆಲಕ್ಕೆ ಟಕಟಕ ಬಡಿಯೋ ಸದ್ದು ಅಂದ್ರೆ ಏನು ಅಂತ. ಮಳೆಗಾಲ ಬಂದ್ರಂತೂ ಪಂಜ ನೆಕ್ಕೋದು, ಕಿವಿ ಕೆರೆಯೋದು ಮುಗಿಯೋದೇ ಇಲ್ಲ.

ನಮ್ಮ ಊರುಗಳಲ್ಲಿ ಇದಕ್ಕೆಲ್ಲ ಒಂದೇ ಪದ: ಕಜ್ಜಿ. "ಕಜ್ಜಿ ನಾಯಿ" ಅನ್ನೋದು ಬೈಗುಳವೂ ಹೌದು. ಆದ್ರೆ ಕಜ್ಜಿ ಬೇರೆ, ಅಲರ್ಜಿ ಬೇರೆ. ಕಜ್ಜಿ ಬರೋದು ಚರ್ಮ ಕೊರೆಯೋ ಸಣ್ಣ ನುಸಿಯಿಂದ, ಅದು ಒಂದು ನಾಯಿಯಿಂದ ಇನ್ನೊಂದಕ್ಕೆ ಅಂಟುತ್ತೆ. ಅಲರ್ಜಿ ಅಂಟೋದಿಲ್ಲ. ಮನೆ ಧೂಳು, ಹುಲ್ಲಿನ ಪರಾಗ, ಚಿಗಟದ ಎಂಜಲು, ಇಂಥವನ್ನ ದೇಹ ಶತ್ರು ಅಂತ ತಿಳಿದು ಯುದ್ಧಕ್ಕೆ ಇಳಿಯುತ್ತೆ, ಅಷ್ಟೇ. ಈ ವ್ಯತ್ಯಾಸ ಮನಸ್ಸಲ್ಲಿ ಇಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಕಥೆ ಶುರುವಾಗೋದೇ ಒಂದು ನಾಯಿಯಿಂದ

1901ರಲ್ಲಿ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಅನ್ನೋ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಮೊನಾಕೊದ ರಾಜ ಒಂದನೇ ಆಲ್ಬರ್ಟ್‌ನ ಹಡಗಿನಲ್ಲಿ ಸಮುದ್ರಯಾನ ಹೋಗಿದ್ದರು. ಕಡಲ ಜೀವಿಗಳ ವಿಷದ ಅಧ್ಯಯನ ಅವರ ಕೆಲಸ. ವಾಪಸ್ ಬಂದ ಮೇಲೆ ನಾಯಿಗಳಿಗೆ ಕಡಲ ಹೂವಿನ ವಿಷವನ್ನ ಸ್ವಲ್ಪ ಸ್ವಲ್ಪ ಚುಚ್ಚಿ ನೋಡಿದರು. ಲಸಿಕೆ ಥರ ನಿಧಾನವಾಗಿ ರಕ್ಷಣೆ ಬೆಳೆಯುತ್ತೆ ಅನ್ನೋದು ಅವರ ಲೆಕ್ಕ.

ಆದದ್ದು ಉಲ್ಟಾ. ನೆಪ್ಚೂನ್ ಅನ್ನೋ ನಾಯಿ ಮೊದಲ ಡೋಸ್ ಚೆನ್ನಾಗಿಯೇ ತಡಕೊಂಡಿತ್ತು. ಕೆಲವು ವಾರ ಬಿಟ್ಟು ಎರಡನೇ ಸಲ ಕೊಟ್ಟಾಗ ಅರ್ಧ ಗಂಟೆಯೊಳಗೆ ಸತ್ತೇ ಹೋಯಿತು. ರಕ್ಷಣೆಯ ವಿರುದ್ಧ ಅನ್ನೋ ಅರ್ಥದಲ್ಲಿ ರಿಶೆ ಇದಕ್ಕೆ ಅನಾಫಿಲ್ಯಾಕ್ಸಿಸ್ ಅಂತ ಹೆಸರಿಟ್ಟ. 1913ರಲ್ಲಿ ಅವನಿಗೆ ನೊಬೆಲ್ ಬಂತು. "ಅಲರ್ಜಿ" ಅನ್ನೋ ಪದವನ್ನ 1906ರಲ್ಲಿ ಹುಟ್ಟಿಸಿದ್ದು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಅಂದ್ರೆ ಇವತ್ತು ನಾವು ಅಲರ್ಜಿ ಅಂತ ಕರೆಯೋ ಶಾಸ್ತ್ರದ ಮೊದಲ ಪುಟದಲ್ಲೇ ನಾಯಿಯ ಹೆಸರಿದೆ. ಹಾಗಿದ್ದೂ ನಾಯಿಗೂ ಮನುಷ್ಯರ ಥರ ತಾನಾಗಿಯೇ ಋತುವಿಗೆ ತಕ್ಕ ಅಲರ್ಜಿ ಬರುತ್ತೆ, ಚಿಕಿತ್ಸೆ ಕೊಡಬಹುದು ಅಂತ ಅಮೆರಿಕದ ಫ್ರೆಡ್ ವಿಟಿಚ್ ವರದಿ ಮಾಡಿದ್ದು 1941ರಲ್ಲಿ. ನಡುವೆ ಸುಮಾರು ನಲವತ್ತು ವರ್ಷ!

ಮೊದಲ ಪ್ಯಾಚ್: ಆಂಟಿಹಿಸ್ಟಮೈನ್

1910ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹೆನ್ರಿ ಡೇಲ್ ಹಿಸ್ಟಮೈನ್ ಅನ್ನೋ ರಾಸಾಯನಿಕ ದೇಹದಲ್ಲಿ ಏನೇನು ಮಾಡುತ್ತೆ ಅಂತ ತೋರಿಸಿಕೊಟ್ಟ. 1937ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ಮತ್ತು ಆನ್-ಮರೀ ಸ್ಟೌಬ್ ಅದನ್ನ ತಡೆಯೋ ಮೊದಲ ವಸ್ತು ಕಂಡುಹಿಡಿದರು. ಅದು ಔಷಧಿಯಾಗಿ ಕೊಡೋಕೆ ಆಗದಷ್ಟು ವಿಷಕಾರಿ, ಆದ್ರೆ ದಾರಿ ತೆರೆಯಿತು. 1943ರಲ್ಲಿ ಜಾರ್ಜ್ ರೀವ್‌ಶಲ್ ಡೈಫೆನ್‌ಹೈಡ್ರಮೈನ್ ತಯಾರಿಸಿದ. 1946ರಲ್ಲಿ ಅದು ಬೆನಡ್ರಿಲ್ ಹೆಸರಲ್ಲಿ, ವೈದ್ಯರ ಚೀಟಿಯ ಔಷಧಿಯಾಗಿ ಮಾರುಕಟ್ಟೆಗೆ ಬಂತು.

ಮನುಷ್ಯರಿಗೆ ಕೆಲಸ ಮಾಡಿದ್ದು ನಾಯಿಗೂ ಮಾಡುತ್ತೆ ಅಂತ ಎಲ್ಲರೂ ಅಂದುಕೊಂಡರು. ಈಗಲೂ ತುಂಬಾ ಜನ ಮನೇಲಿರೋ ಸೆಟ್ರಿಜಿನ್ ಒಂದು ಹಾಕಿಬಿಡ್ತಾರೆ. ಆದ್ರೆ ನಾಯಿಯ ದೀರ್ಘಕಾಲದ ಅಲರ್ಜಿ ತುರಿಕೆಯಲ್ಲಿ ಹಿಸ್ಟಮೈನ್ ಪಾತ್ರ ಚಿಕ್ಕದು. ನಮ್ಮ ಭಾಷೇಲಿ ಹೇಳೋದಾದ್ರೆ ಒಂದು ಪೋರ್ಟ್ ಬ್ಲಾಕ್ ಮಾಡಿದ್ದೀವಿ, ಟ್ರಾಫಿಕ್ ಬರ್ತಾ ಇರೋದು ಬೇರೆ ಪೋರ್ಟ್‌ನಿಂದ. ಹಾಗಾಗಿ ಹಲವು ನಾಯಿಗಳಿಗೆ ಇದರಿಂದ ನಿದ್ದೆ ಬರುತ್ತೆ, ತುರಿಕೆ ಹೋಗಲ್ಲ.

ಎಲ್ಲವನ್ನೂ ಆಫ್ ಮಾಡುವ ಸ್ವಿಚ್

1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟ. ಕೆಲವೇ ದಿನದಲ್ಲಿ ಅವರು ಎದ್ದು ಓಡಾಡಿದರು. ಎರಡೇ ವರ್ಷಕ್ಕೆ, 1950ರಲ್ಲಿ, ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್. 1955ರ ಹೊತ್ತಿಗೆ ಪ್ರೆಡ್ನಿಸೋನ್, ಪ್ರೆಡ್ನಿಸೊಲೋನ್ ಬಂದವು.

ನಾಯಿಯ ತುರಿಕೆಗೆ ಇದು ನಿಜಕ್ಕೂ ಕೆಲಸ ಮಾಡಿದ ಮದ್ದು. ಅಗ್ಗ, ಬೇಗ ಫಲ. ಆದ್ರೆ ಸ್ಟೀರಾಯ್ಡ್ ಬರೀ ತುರಿಕೆಯನ್ನ ಹುಡುಕಿಕೊಂಡು ಹೋಗಲ್ಲ, ರೋಗನಿರೋಧಕ ವ್ಯವಸ್ಥೆಯ ದನಿಯನ್ನೇ ತಗ್ಗಿಸುತ್ತೆ. ನಾಯಿ ಬಕೆಟ್‌ಗಟ್ಟಲೆ ನೀರು ಕುಡಿಯುತ್ತೆ, ಮನೆಯೊಳಗೇ ಉಚ್ಚೆ ಹೊಯ್ಯುತ್ತೆ, ಸದಾ ಹಸಿವು, ಏದುಸಿರು. ತಿಂಗಳುಗಟ್ಟಲೆ ಕೊಟ್ಟರೆ ಚರ್ಮ ತೆಳುವಾಗುತ್ತೆ, ಹೊಟ್ಟೆ ಜೋತು ಬೀಳುತ್ತೆ, ಸೋಂಕು ಹತ್ತುತ್ತೆ. ಥಟ್ಟನೆ ನಿಲ್ಲಿಸೋ ಹಾಗೂ ಇಲ್ಲ, ಯಾಕಂದ್ರೆ ಅಷ್ಟರಲ್ಲಿ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸೋದನ್ನ ಕಡಿಮೆ ಮಾಡಿರುತ್ತೆ.

ಮುಂದಿನ ಹೆಜ್ಜೆ ಸಿಕ್ಕಿದ್ದು ಮಣ್ಣಿನಲ್ಲಿ. ನಾರ್ವೆಯ ಹಾರ್ಡಂಗರ್‌ವಿಡ್ಡಾ ಅನ್ನೋ ಪ್ರಸ್ಥಭೂಮಿಯಿಂದ 1969ರಲ್ಲಿ ತಂದ ಮಣ್ಣಿನ ಶಿಲೀಂಧ್ರದಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಗೆ ಸೈಕ್ಲೋಸ್ಪೋರಿನ್ ಸಿಕ್ಕಿತು. 1983ರಲ್ಲಿ ಅದು ಅಂಗಾಂಗ ಕಸಿಗೆ ಬಂದ ಮದ್ದು. 2003ರಲ್ಲಿ ಅಮೆರಿಕದಲ್ಲಿ ನಾಯಿಯ ಅಲರ್ಜಿಗೂ ಒಪ್ಪಿಗೆ ಪಡೆಯಿತು. ಸ್ಟೀರಾಯ್ಡ್‌ನಷ್ಟು ಕಾಟ ಇಲ್ಲ, ಆದ್ರೆ ಪೂರ್ತಿ ಫಲ ಕಾಣೋಕೆ ನಾಲ್ಕಾರು ವಾರ ಕಾಯಬೇಕು.

ತುರಿಕೆಯ ಸಂದೇಶ ಸಿಕ್ಕಿಬಿತ್ತು

2004ರಲ್ಲಿ ಐಎಲ್-31 ಅನ್ನೋ ಪ್ರೋಟೀನ್ ಪತ್ತೆಯಾಯಿತು. ರೋಗನಿರೋಧಕ ಕೋಶಗಳು ನರಗಳಿಗೆ "ಕೆರೆ" ಅಂತ ಕಳಿಸೋ ಮೆಸೇಜ್ ಇದು ಅನ್ನಬಹುದು. ನಾಯಿಗಳಿಗೆ ಅದನ್ನ ಚುಚ್ಚಿ ನೋಡಿದಾಗ ಕೆರೆಯೋಕೆ ಶುರು ಮಾಡಿದವು. ಆಗ ಎರಡು ದಾರಿ ಕಾಣಿಸಿತು: ಮೆಸೇಜ್ ಮುಟ್ಟಿದ ಮೇಲೆ ಕೋಶದೊಳಗೆ ಅದು ಮುಂದಕ್ಕೆ ಹೋಗದ ಹಾಗೆ ತಡೆಯೋದು, ಇಲ್ಲಾ ದಾರಿಯಲ್ಲೇ ಮೆಸೇಜನ್ನ ಹಿಡಿಯೋದು.

ಮೊದಲ ದಾರಿ ಒಕ್ಲಾಸಿಟಿನಿಬ್ ಮಾತ್ರೆ, ಅಂದ್ರೆ ಅಪೊಕ್ವೆಲ್. ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು. ಇದು ಜಾಕ್ ಅನ್ನೋ ಕಿಣ್ವಗಳನ್ನ ತಡೆಯುತ್ತೆ. ಕೆಲವೇ ಗಂಟೆಯಲ್ಲಿ ತುರಿಕೆ ಇಳಿಯೋಕೆ ಶುರು. ಬೇಡಿಕೆ ಎಷ್ಟಿತ್ತಂದ್ರೆ ಬಂದ ಹೊಸದರಲ್ಲೇ ಸ್ಟಾಕ್ ಸಾಲದೆ ಹೋಯಿತು. ಆದ್ರೆ ಒಂದು ವರ್ಷದೊಳಗಿನ ಮರಿಗಳಿಗೆ, ಗಂಭೀರ ಸೋಂಕು ಇರೋ ನಾಯಿಗಳಿಗೆ ಇದು ಬೇಡ. ಎರಡನೇ ದಾರಿ ಲೋಕಿವೆಟ್‌ಮ್ಯಾಬ್ ಇಂಜೆಕ್ಷನ್, ಅಂದ್ರೆ ಸೈಟೊಪಾಯಿಂಟ್. ಇದು ಐಎಲ್-31 ಅನ್ನೇ ಹಿಡಿದುಕೊಳ್ಳೋ ಪ್ರತಿಕಾಯ. ಅಮೆರಿಕದಲ್ಲಿ 2016ರಲ್ಲಿ ಪೂರ್ಣ ಪರವಾನಗಿ ಸಿಕ್ಕಿತು. ಒಂದು ಡೋಸ್ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಬರುತ್ತೆ.

ನನಗೆ ತುಂಬಾ ಹಿಡಿಸಿದ ವಿಷಯ ಇಲ್ಲಿದೆ. ಇದೇ ಐಎಲ್-31 ದಾರಿಯನ್ನ ತಡೆಯೋ ಮನುಷ್ಯರ ಪ್ರತಿಕಾಯ, ನೆಮೊಲಿಜುಮ್ಯಾಬ್, ಜಪಾನಿನಲ್ಲಿ ಒಪ್ಪಿಗೆ ಪಡೆದದ್ದು 2022ರಲ್ಲಿ, ಅಮೆರಿಕದಲ್ಲಿ 2024ರಲ್ಲಿ. ಅದು ಪ್ರೋಟೀನನ್ನಲ್ಲ, ಅದರ ರಿಸೆಪ್ಟರನ್ನ ಮುಚ್ಚುತ್ತೆ, ಆದ್ರೆ ಐಡಿಯಾ ಒಂದೇ. ನೂರು ವರ್ಷ ಮನುಷ್ಯರ ಮದ್ದು ಮಿಕ್ಕಿದ್ದು ನಾಯಿಗೆ ಬರ್ತಾ ಇತ್ತು. ಈ ಸಲ ನಾಯಿ ಮೊದಲು, ನಾವು ಆಮೇಲೆ.

ಹಾಗಾದ್ರೆ ನಾವೇನು ಮಾಡೋದು?

ಇಷ್ಟೆಲ್ಲ ಹೇಳಿದ್ದು ನೀವೇ ಮದ್ದು ಆರಿಸಿಕೊಳ್ಳಲಿ ಅಂತ ಅಲ್ಲ. ಈ ಮದ್ದುಗಳು ಯಾವುವೂ ಅಲರ್ಜಿಯನ್ನ ಬೇರಿನಿಂದ ಕಿತ್ತು ಹಾಕಲ್ಲ, ಲಕ್ಷಣವನ್ನ ಹಿಡಿತದಲ್ಲಿ ಇಡುತ್ತವೆ. ಹಾಗಾಗಿ ಒಳ್ಳೆ ವೆಟ್ ಮೊದಲು ನೋಡೋದು ಚಿಗಟ ಇದೆಯಾ, ಕಜ್ಜಿ ನುಸಿ ಇದೆಯಾ, ಚರ್ಮದಲ್ಲಿ ಸೋಂಕಿದೆಯಾ, ಊಟದ ಸಮಸ್ಯೆಯಾ ಅಂತ. ಕಜ್ಜಿ ಇರೋ ನಾಯಿಗೆ ಅಲರ್ಜಿ ಅಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ನುಸಿಗೆ ಹಬ್ಬ. ಮೊದಲೇ ಹೇಳಿದ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತೆ ನೋಡಿ.

ಇನ್ನೊಂದು ಮಾತು. ಮನುಷ್ಯರ ನೆಗಡಿ, ಅಲರ್ಜಿ ಮಾತ್ರೆಗಳಲ್ಲಿ ಕೆಲವಕ್ಕೆ ಮೂಗು ಕಟ್ಟಿದ್ದು ಬಿಡಿಸೋ ಸೂಡೋಎಫೆಡ್ರಿನ್ ಸೇರಿರುತ್ತೆ, ಇನ್ನು ಕೆಲವಕ್ಕೆ ಪ್ಯಾರಾಸಿಟಮಾಲ್. ಇವು ನಾಯಿಯ ಪ್ರಾಣಕ್ಕೇ ಕುತ್ತು ತರಬಹುದು. ಊರಿಂದ ದೂರ, ವಾರವಿಡೀ ಕೆಲಸ, ವೆಟ್ ಹತ್ರ ಹೋಗೋಕೆ ಟೈಮಿಲ್ಲ, ಎಲ್ಲ ನಿಜ. ಆದ್ರೆ ಎಲ್ಲಿ ತುರಿಸ್ತಾ ಇದೆ, ಯಾವಾಗಿಂದ ಅಂತ ನಾಯಿ ಬಾಯಿಬಿಟ್ಟು ಹೇಳಲ್ಲ. ಒಂದು ಶನಿವಾರ ಬಿಡುವು ಮಾಡಿಕೊಳ್ಳಿ. ಹೋಗುವಾಗ ಯಾವ ತಿಂಗಳಲ್ಲಿ ಶುರುವಾಯಿತು, ಏನು ತಿನ್ನಿಸ್ತೀರಿ, ಈವರೆಗೆ ಏನೇನು ಮಾತ್ರೆ ಕೊಟ್ಟಿದ್ದೀರಿ, ಎಲ್ಲ ಬರೆದುಕೊಂಡು ಹೋಗಿ. ಆ ಒಂದು ಹಾಳೆ ನೋಡಿದ್ರೆ ಡಾಕ್ಟರ ಅರ್ಧ ಕೆಲಸ ಮುಗಿದ ಹಾಗೆ.